ನಾನು ಒರೆಸಿ ಹಾಕಿದ ಹಳದಿ ಬಾವುಟ

ಸ್ಟುಡಿಯೋ ಬಾಗಿಲು ಹಾಕಿ ಎರಡು ವರ್ಷವಾಯಿತು. ಮಂಡಿ ಸವೆದಿದೆ, ಬಲಗಣ್ಣಿನ ಪೊರೆ ತೆಗೆಸಿದ್ದಾಗಿದೆ, ದಪ್ಪ ಲೆನ್ಸನ್ನು ಇಡೀ ದಿನ ಬಿಸಿಲಲ್ಲಿ ಎತ್ತಿ ಹಿಡಿಯುವ ಕಸುವು ತೋಳಿನಲ್ಲಿ ಉಳಿದಿಲ್ಲ. ಆದರೂ ಫೋನು ಬರುವುದು ನಿಂತಿಲ್ಲ. ನಂಜನಗೂಡು, ಮೈಸೂರು, ಟಿ. ನರಸೀಪುರದ ಕಡೆಯ ಹೊಸ ಫೋಟೋಗ್ರಾಫರುಗಳು ಮಾಡುತ್ತಾರೆ. "ಸಾರ್, ಭಾನುವಾರ ಬೈಕ್ ರೇಸ್ ಇದೆ, ಸೆಟ್ಟಿಂಗ್ ಎಷ್ಟಿಡ್ಲಿ?" ಸಾರಿಗೆ ಉಪ್ಪು ಎಷ್ಟು ಹಾಕಲಿ ಎಂದು ಕೇಳಿದ ಹಾಗೆ! ಹೇಳಿದರೆ ಬರೆದುಕೊಂಡು ಫೋನಿಡುತ್ತಾರೆ. ಯಾಕೆ ಅಷ್ಟು, ಅಷ್ಟಿಟ್ಟರೆ ಏನು ಸಿಗುತ್ತದೆ, ಏನು ಕಳೆದುಹೋಗುತ್ತದೆ ಎಂದು ಇವತ್ತಿನವರೆಗೆ ಒಬ್ಬನೇ ಒಬ್ಬ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯುವುದು ಅದಕ್ಕೇ.

ಏನು ಕಳೆದುಹೋಗುತ್ತದೆ ಎಂದು ನನಗೆ ಗೊತ್ತು. ಶಟರ್ ಮೂವತ್ತಕ್ಕಿಟ್ಟು ತೆಗೆದ ನನ್ನದೊಂದು ಚಂದದ ಫೋಟೋದಿಂದ ಹೆಡತಲೆ ಎಂಬ ಊರಿನ ಒಬ್ಬ ರೈತನ ಮಾನ ಬೀದಿಪಾಲಾಗುವುದರಲ್ಲಿತ್ತು. ಅದನ್ನು ಹೇಳುವುದಕ್ಕೇ ಈ ಬರಹಕ್ಕೆ ಕೂತಿದ್ದೇನೆ. ನಡುವೆ ಸೆಟ್ಟಿಂಗನ್ನೂ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ಆದರೆ ಪೂರ್ತಿ ಓದದೆ ಫೋನಿಡುವ ಬುದ್ಧಿ ಇಲ್ಲಿ ಬೇಡ.

ನಾನು ಮದುವೆ ಫೋಟೋದವನು. ನಂಜನಗೂಡಿನ ಅಂಗಡಿ ಬೀದಿಯಲ್ಲಿ ಸ್ಟುಡಿಯೋ. ಧಾರೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಅಷ್ಟೇ ನನ್ನ ಲೋಕ. ರೇಸಿನ ದಾರಿ ತೋರಿಸಿದವನು ಸಿದ್ದರಾಜು ಮೇಸ್ತ್ರಿ. ನನ್ನ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ಹಳೇ ಬೈಕುಗಳನ್ನು ಬಿಚ್ಚಿ, ಹಗುರ ಮಾಡಿ, ತಾನೇ ಓಡಿಸಿಕೊಂಡು ರೇಸಿಗೆ ಹೋಗುತ್ತಿದ್ದ ಹುಚ್ಚ. ಚಿಕ್ಕಯ್ಯನಛತ್ರದ ಹತ್ತಿರ ರಾಗಿ ಕೊಯ್ದು ಬಿಟ್ಟಿದ್ದ ಹೊಲದಲ್ಲಿ ಮಣ್ಣು ಎತ್ತಿ ಹಾಕಿ ದಿಬ್ಬ, ತಿರುವು ಮಾಡಿ ರೇಸ್ ಇಟ್ಟಿದ್ದರು. "ಬನ್ನಿ ಸಾ, ನಮ್ದೂ ಒಂದ್ ನಾಕ್ ಫೋಟೋ ಇಡೀರಿ" ಎಂದು ಕರೆದುಕೊಂಡು ಹೋದ.

ಆಗ ರೀಲಿನ ಕಾಲ. ವೇಗದ ಗಾಡಿ, ಆದ್ದರಿಂದ ವೇಗದ ಶಟರ್ ಎಂದು ನನ್ನ ಲೆಕ್ಕ. ಕ್ಯಾಮೆರಾವನ್ನು ಸಾವಿರಕ್ಕಿಟ್ಟೆ, ಅಂದರೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಒಂದೂ ಅಲುಗಾಡಿಲ್ಲ, ಎಲ್ಲ ಖಡಕ್ಕಾಗಿ ಬಂದಿವೆ ಎಂದು ಹಿಗ್ಗಿ ಹಿಗ್ಗಿ ಪ್ರಿಂಟು ಹಾಕಿಸಿ ಮೇಸ್ತ್ರಿಯ ಶೆಡ್ಡಿಗೆ ಹೋದೆ. ಅವನು ಒಂದೊಂದನ್ನೂ ಗ್ರೀಸಿನ ಕೈಯಲ್ಲೇ ತಿರುಗಿಸಿ ನೋಡಿದ.

"ಏನ್ ಸಾ ಇದು? ಎಲ್ಲಾ ಗಾಡಿನೂ ಸ್ಟ್ಯಾಂಡ್ ಆಕಿ ನಿಲ್ಸಿರಂಗದೆ! ಜೀವ ಕೈಲಿ ಇಡ್ಕಂಡು ಓಡ್ಸಿದೀನಿ ಕಣ್ರೀ. ನಮ್ಮನೆಯವ್ಳಿಗೆ ತೋರ್ಸಿದ್ರೆ, ಒಲದಲ್ಲಿ ಗಾಡಿ ನಿಲ್ಲುಸ್ಕಂಡು ಏನ್ ಮಾಡ್ತಿದ್ರಿ ಅಂತಾಳೆ!"

ನನಗೆ ಕೋಪ ಬಂತು. ಮನೆಗೆ ಬಂದು ಮತ್ತೆ ನೋಡಿದೆ. ಅವನು ಹೇಳಿದ್ದು ಸರಿ. ಚಕ್ರದ ಕಡ್ಡಿ ಒಂದೊಂದೂ ಎಣಿಸುವ ಹಾಗಿತ್ತು. ತಿರುಗದ ಚಕ್ರ ಓಡುವ ಗಾಡಿಯದಲ್ಲ. ಶಟರ್ ನಿಧಾನ ಮಾಡಬೇಕು, ಗಾಡಿಯ ಜೊತೆಗೆ ಕ್ಯಾಮೆರಾವೂ ತಿರುಗಬೇಕು, ಆಗ ಗಾಡಿ ನಿಂತು ಹಿಂದಿನ ಲೋಕ ಓಡುತ್ತದೆ. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಹೆಸರು ಸುಲಭ.

ಕಲಿಯುವುದಕ್ಕೆ ಪ್ರತಿ ಮಂಗಳವಾರ, ಸ್ಟುಡಿಯೋ ರಜದ ದಿನ, ಟಿ. ನರಸೀಪುರದ ರಸ್ತೆಗೆ ಹೋಗಿ ನಿಲ್ಲುತ್ತಿದ್ದೆ. ಬಸ್ಸು, ಲಾರಿ, ಬೈಕು, ಬಂದದ್ದೆಲ್ಲ ನನಗೆ ಪಾಠ. ಮೊದಲು ಇನ್ನೂರೈವತ್ತು, ಅದು ಕೈಗೆ ಹತ್ತಿದ ಮೇಲೆ ನೂರಿಪ್ಪತ್ತೈದು, ಆಮೇಲೆ ಅರವತ್ತು. ಒಂದು ದಿನ ಲಾರಿಯವನೊಬ್ಬ ನನ್ನನ್ನು ಕಂಡು ಗಕ್ಕನೆ ನಿಲ್ಲಿಸಿ, ಕಾಗದದ ಕಟ್ಟು ಹಿಡಿದು ಓಡಿ ಬಂದ.

"ಎಲ್ಲಾ ಕರೆಕ್ಟಾಗದೆ ಸಾ. ಇನ್ಸೂರೆನ್ಸ್ ಒಂದು ಮನೇಲದೆ."

"ನಾನು ಸಾಹೇಬ ಅಲ್ಲ ಕಣಪ್ಪ, ಫೋಟೋದವನು."

"ಫೋಟೋ ಇಡೀತಿದೀರಲ್ಲ ಅದುಕ್ಕೇ ಸಾ ಭಯ!"

ಆ ರಸ್ತೆ ಕಲಿಸಿದ್ದು ಇಷ್ಟು. ಗಾಡಿ ಎಲ್ಲಿ ಬಂದಾಗ ಗುಂಡಿ ಒತ್ತಬೇಕೋ ಆ ಕಡೆಗೆ ಪಾದ ಇಟ್ಟು ನಿಲ್ಲಿ. ಗಾಡಿ ಬರುವ ಕಡೆಗೆ ಸೊಂಟದಿಂದ ಮೇಲೆ ಮಾತ್ರ ತಿರುಗಿ. ಮೊಣಕೈ ಪಕ್ಕೆಗೆ ಒತ್ತಿರಲಿ. ದೂರದಿಂದಲೇ ಗಾಡಿಯನ್ನು ಹಿಡಿದು ಜೊತೆಗೇ ತಿರುಗಿ, ಒತ್ತಿ, ಒತ್ತಿದ ಮೇಲೂ ತಿರುಗುತ್ತಲೇ ಇರಿ. ಕಬ್ಬು ಕಡಿಯುವವನು ಮಚ್ಚು ಜಲ್ಲೆಗೆ ತಾಗಿದ ಕೂಡಲೇ ಕೈ ನಿಲ್ಲಿಸುತ್ತಾನೆಯೇ? ಗುಂಡಿ ಒತ್ತಿದ ತಕ್ಷಣ ತಡೆದು ನಿಲ್ಲುವುದರಿಂದಲೇ ನಿಮ್ಮ ನೂರರಲ್ಲಿ ತೊಂಬತ್ತು ಫೋಟೋ ಹಾಳಾಗುವುದು. ಆಮೇಲೆ ಲೆನ್ಸ್ ಸರಿಯಿಲ್ಲ ಎನ್ನುತ್ತೀರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಫೋಕಸ್ ವಿಷಯವೂ ಹಾಗೆಯೇ. ನಮ್ಮ ಕಾಲದಲ್ಲಿ ಗಾಡಿ ಹಾಯುವ ಜಾಗದ ಒಂದು ಕಲ್ಲು ನೋಡಿಟ್ಟುಕೊಂಡು, ಅದಕ್ಕೆ ಫೋಕಸ್ ಕಟ್ಟಿ ಕಾಯುತ್ತಿದ್ದೆವು. ಈಗ ಕ್ಯಾಮೆರಾವೇ ಮಾಡುತ್ತದೆ, ಒಳ್ಳೆಯದು. ಆದರೆ ನಮ್ಮ ಕಡೆಯ ಧೂಳು ಅದಕ್ಕೆ ಗೊತ್ತಿಲ್ಲ. ಮುಂದಿನ ಗಾಡಿ ಎಬ್ಬಿಸಿದ ಧೂಳನ್ನೇ ಗಾಡಿ ಎಂದುಕೊಂಡು ಅಲ್ಲಿ ಹಿಡಿದು ನಿಲ್ಲುತ್ತದೆ. ಫೋಕಸನ್ನು ಶಟರ್ ಗುಂಡಿಯಿಂದ ಬಿಡಿಸಿ ಹಿಂದಿನ ಗುಂಡಿಗೆ ಹಾಕಿಕೊಳ್ಳಿ, ಹೆಬ್ಬೆರಳು ನಿಮ್ಮ ಮಾತು ಕೇಳುತ್ತದೆ. ಧೂಳಿನಲ್ಲಿ ಮಾತ್ರ ಲೆನ್ಸ್ ಬಿಚ್ಚಬೇಡಿ. ಹಾಗೆಂದು ಬೋರ್ಡು ಬರೆದು ನೇತು ಹಾಕಿದರೂ ಬಿಚ್ಚುವವರು ಬಿಚ್ಚುತ್ತಾರೆ. ನಾನೂ ಬಿಚ್ಚಿದ್ದೇನೆ, ಅದರ ಫಲ ಮುಂದೆ ಬರುತ್ತದೆ.

ಇನ್ನು ಈಗಿನವರ ಆ ಟರ್ರ್ ಎನ್ನುವ ಶಬ್ದ! ಗುಂಡಿ ಒತ್ತಿ ಹಿಡಿದರೆ ಒಂದು ಉಸಿರಿಗೆ ಇಪ್ಪತ್ತು ಫೋಟೋ. ಎರಡು ಸಾವಿರ ಹೊಡೆದುಕೊಂಡು ಮನೆಗೆ ಹೋಗಿ ಅದರಲ್ಲಿ ಒಂದು ಹುಡುಕುತ್ತಾರೆ. ನಾನು ಗಾಡಿಗೆ ಒಂದೇ ಹೊಡೆಯುವವನು. ತೆಗೆದದ್ದನ್ನು ತಿದ್ದುವವನೂ ಅಲ್ಲ ಎಂದು ಎದೆ ತಟ್ಟಿ ಹೇಳಿಕೊಂಡು ತಿರುಗುತ್ತಿದ್ದೆ. ಕಂಪ್ಯೂಟರಿನಲ್ಲಿ ಆಕಾಶ ಬದಲಾಯಿಸುವವರನ್ನು, ಇಲ್ಲದ ಧೂಳು ಎಬ್ಬಿಸುವವರನ್ನು ನಾಲ್ಕು ಜನರೆದುರು ಬೈದಿದ್ದೇನೆ. ಬೈದ ಬಾಯಿಗೆ ಮಣ್ಣು ಬೀಳುವ ದಿನ ದೂರವಿರಲಿಲ್ಲ.

ಮೇಲಿನವರ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಹೊಟ್ಟೆಯೊಳಗಿಟ್ಟುಕೊಂಡು ಸಾಯಲಾರೆ. ಒಂದು ಪತ್ರಿಕೆಗೆ ರೇಸಿನ ಫೋಟೋ ಕೊಡುತ್ತಿದ್ದೆ. ಅಲ್ಲಿ ಫೋಟೋ ಆರಿಸುವವರೊಬ್ಬರಿದ್ದರು, ಹೆಸರು ಬೇಡ. ದಿಬ್ಬ ಹಾರಿದ ಬೈಕು, ಹಿಂಬದಿಯಲ್ಲಿ ಬಿಸಿಲು, ಸವಾರನ ಕಣ್ಣು ಕಾಣುವ ಹಾಗಿರುವ ಫೋಟೋ ಕೊಟ್ಟರೆ ಬದಿಗೆ ಸರಿಸುತ್ತಿದ್ದರು.

"ಬಿದ್ದಿರೋದು ಇಲ್ವೇನ್ರಿ?"

"ಇವತ್ತು ಯಾರೂ ಬೀಳಲಿಲ್ಲ ಸಾರ್."

"ಹಾಗಾದ್ರೆ ಸುದ್ದಿ ಏನ್ರಿ ಇದ್ರಲ್ಲಿ?"

ಥೂ! ಒಬ್ಬ ತಾಯಿಯ ಮಗ ನೆಟ್ಟಗೆ ಮನೆಗೆ ಹೋದದ್ದು ಸುದ್ದಿಯಲ್ಲವಂತೆ. ಅಲ್ಲಿಗೆ ಕೊಡುವುದನ್ನು ಬಿಟ್ಟೆ.

ಮಹದೇವಪ್ಪನ ಪರಿಚಯವಾದದ್ದು ಸೋಮನಾಥಪುರದ ಕಡೆ ನಡೆದ ಕಾರ್ ರ್‍ಯಾಲಿಯಲ್ಲಿ. ಗದ್ದೆಗಳ ನಡುವಿನ ಮಣ್ಣು ರಸ್ತೆ. ತಿರುವಿನ ಹೊರಮಗ್ಗುಲಲ್ಲಿ ಕೂತರೆ ಕಾರು ಸೀದಾ ಮೈಮೇಲೆ ಬರುವ ಹಾಗೆ ಸಿಗುತ್ತದೆ ಎಂದು ಕೂತಿದ್ದೆ. ಯಾರೋ ಹಿಂದಿನಿಂದ ಕಾಲರ್ ಹಿಡಿದು ದರದರ ಎಳೆದರು.

"ಏಳಿ ಸಾ ಮೇಲಕ್ಕೆ! ಸಾಯಕ್ ಬಂದಿದೀರಾ, ಫೋಟೋ ಇಡಿಯಕ್ ಬಂದಿದೀರಾ?"

ಎಳೆದವನನ್ನು ಬೈಯಲು ನಾನು ಬಾಯಿ ತೆರೆಯುವಷ್ಟರಲ್ಲಿ ಕಾರು ಜಾರಿ, ನಾನು ಕೂತಿದ್ದ ಜಾಗವನ್ನೇ ಉಜ್ಜಿಕೊಂಡು ಬದುವಿಗೆ ಬಡಿಯಿತು. ತಿರುವಿನ ಹೊರಮಗ್ಗುಲು ಗಾಡಿ ಜಾರಿ ಬರುವ ಕಡೆ, ಅಲ್ಲಿ ಫೋಟೋದವನಿಗೆ ಜಾಗವಿಲ್ಲ. ಬೇರೆ ಯಾವ ಸೆಟ್ಟಿಂಗ್ ಮರೆತರೂ ಇದೊಂದನ್ನು ಮರೆಯಬೇಡಿ.

ಮಹದೇವಪ್ಪ ಹೆಡತಲೆಯ ರೈತ. ಎರಡು ಹಸು, ಸ್ವಲ್ಪ ಭತ್ತ. ರೇಸೆಂದರೆ ಪ್ರಾಣ, ಆದರೆ ಒಂದು ದಿನವೂ ಓಡಿಸಿದವನಲ್ಲ. ಬಾವುಟ ಹಿಡಿಯುವ ಕೆಲಸ ಅವನದು, ಮಾರ್ಷಲ್ ಎನ್ನುತ್ತಾರೆ. ಮುಂದೆ ಯಾರಾದರೂ ಬಿದ್ದಿದ್ದರೆ ಹಳದಿ ಬಾವುಟ ಬೀಸಬೇಕು. ಹಳದಿ ಕಂಡ ಸವಾರ ನಿಧಾನ ಮಾಡಬೇಕು, ಯಾರನ್ನೂ ದಾಟಬಾರದು. ಸಂಬಳವಿಲ್ಲ, ಊಟದ ಪೊಟ್ಟಣ ಒಂದು ಕೊಡುತ್ತಿದ್ದರು. ಅಷ್ಟಕ್ಕೇ ಆ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ನಿಂತಿರುತ್ತಿದ್ದ. ಒಂದು ಸುತ್ತು ಮುಗಿಯುವ ತನಕ ನೀರು ಕುಡಿಯಲೂ ಬಗ್ಗುತ್ತಿರಲಿಲ್ಲ. ಹತ್ತು ಹನ್ನೆರಡು ವರ್ಷ ಇಬ್ಬರೂ ಅವೇ ಮೈದಾನಗಳಲ್ಲಿ ಓಡಾಡಿದೆವು.

ಈಗ ಆ ದಿನಕ್ಕೆ ಬರುತ್ತೇನೆ. ಸ್ಟುಡಿಯೋ ಮುಚ್ಚುವ ಒಂದೆರಡು ವರ್ಷ ಮುಂಚಿನ ಮಾತು. ಹೆಡತಲೆಯ ಆಚೆ ಬೀಳುಬಿಟ್ಟ ಹೊಲದಲ್ಲಿ ಬೈಕ್ ರೇಸ್. ದೂರದ ಕೊನೆಯಲ್ಲಿ ಒಂದು ತಿರುವು, ತಿರುವು ದಾಟಿದರೆ ಎತ್ತರದ ದಿಬ್ಬ. ದಿಬ್ಬದ ಆಚೆ ಏನಿದೆ ಎಂದು ಸವಾರನಿಗೆ ಕಾಣುವುದಿಲ್ಲ. ಅದಕ್ಕೇ ದಿಬ್ಬದ ಎರಡೂ ಕಡೆ ಕಾಣುವ ಹಾಗೆ ತಿರುವಿನಲ್ಲಿ ಮಹದೇವಪ್ಪನನ್ನು ನಿಲ್ಲಿಸಿದ್ದರು. ಜನರನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಟ್ರ್ಯಾಕಿನ ಆ ಮಗ್ಗುಲಲ್ಲಿ ಅವನು, ಈ ಮಗ್ಗುಲಲ್ಲಿ ನಾನು, ಇನ್ನು ಯಾರೂ ಇಲ್ಲ.

ಸಂಜೆ ನಾಲ್ಕರ ಬಿಸಿಲು. ಶಟರ್ ಮೂವತ್ತು. ಅಷ್ಟು ನಿಧಾನವಾದರೆ ಬೆಳಕು ಉಕ್ಕಿ ಫೋಟೋ ಬೆಳ್ಳಗಾಗುತ್ತದೆ, ಆದ್ದರಿಂದ ಲೆನ್ಸಿನ ಕಿಂಡಿಯನ್ನು ಇಪ್ಪತ್ತೆರಡಕ್ಕೆ ಮುಚ್ಚಿದ್ದೆ. ಕಿಂಡಿ ಅಷ್ಟು ಸಣ್ಣದಾದರೆ ಇನ್ನೊಂದು ಪೀಡೆ. ಎಂದೋ ಧೂಳಿನಲ್ಲಿ ಲೆನ್ಸ್ ಬಿಚ್ಚಿದಾಗ ಕ್ಯಾಮೆರಾದ ಒಳಗೆ ಸೇರಿದ ಕಣಗಳೆಲ್ಲ ಕಪ್ಪು ಕಪ್ಪು ಚುಕ್ಕೆಯಾಗಿ ಫೋಟೋದಲ್ಲಿ ಮೂಡುತ್ತವೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಅವನ್ನು ಒಂದೊಂದೇ ಒರೆಸಬೇಕು. ಇದು ತಿದ್ದುವುದಲ್ಲ, ಕ್ಲೀನ್ ಮಾಡುವುದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಹೆಡತಲೆಯ ಪುಟ್ಟಮಾದಪ್ಪನ ಮಗ ಶಿವು ಮುಂದೆ ಹೋದವನು ದಿಬ್ಬದ ಆಚೆ ಬಿದ್ದ. ನನಗೆ ಕಾಣಲಿಲ್ಲ. ನನ್ನ ಕಣ್ಣು ಕ್ಯಾಮೆರಾಕ್ಕೆ ಅಂಟಿತ್ತು, ಹಿಂದೆ ಬರುತ್ತಿದ್ದ ಚೇತನನ ಮೇಲಿತ್ತು. ಚೇತನ್ ಎಂದರೆ ರೇಸ್ ನಡೆಸುವ ಕ್ಲಬ್ಬಿನ ಅಧ್ಯಕ್ಷರ ತಂಗಿಯ ಮಗ. ಗುಂಡಿ ಒತ್ತಿದೆ, ತಿರುಗಿದೆ, ಒಳ್ಳೆಯದೇ ಸಿಕ್ಕಿತು ಎಂದು ಮೈಗೆ ಗೊತ್ತಾಯಿತು. ಮರುಕ್ಷಣ ಆ ಚೇತನ್ ಅದೇ ವೇಗದಲ್ಲಿ ದಿಬ್ಬ ಹಾರಿದ. ಬಿದ್ದಿದ್ದ ಶಿವುವಿನ ಕಾಲಿನ ಮೇಲೆ ಬೈಕು ಇಳಿಯಿತು. ಆ ಕೂಗು ಈಗಲೂ ಕಿವಿಯಲ್ಲಿದೆ. ಎಲ್ಲ ಸೇರಿ ಎತ್ತಿ ಆಸ್ಪತ್ರೆಗೆ ಕಳಿಸಿದೆವು. ಕಾಲು ಎರಡು ಕಡೆ ಮುರಿದಿತ್ತು.

ಸಂಜೆ ಮನೆಗೆ ಬಂದವನು ಮಾಮೂಲಿನಂತೆ ಕಂಪ್ಯೂಟರ್ ಮುಂದೆ ಕೂತೆ. ಮನಸ್ಸು ಸರಿಯಿರಲಿಲ್ಲ, ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ಚೇತನನ ಫೋಟೋ ಅಪರೂಪದ್ದಾಗಿ ಬಂದಿತ್ತು. ಹೆಲ್ಮೆಟ್ ಚೂಪಾಗಿದೆ, ಚಕ್ರ ತಿರುಗುತ್ತಿದೆ, ಹಿಂದಿನ ಹಸಿರು ಗೆರೆಗೆರೆಯಾಗಿ ಹರಿದಿದೆ. ಚುಕ್ಕೆಗಳನ್ನು ಒರೆಸಿದೆ. ಬೈಕಿನ ಹಿಂದೆ, ಹಸಿರಿನ ಮಧ್ಯೆ ಕೊಳಕು ಹಳದಿ ಬಣ್ಣದ್ದೊಂದು ಮಸುಕು ಹರಡಿತ್ತು. ಕಣ್ಣಿಗೆ ಅಡ್ಡ ಬರುತ್ತಿತ್ತು. ಅದನ್ನೂ ಒರೆಸಿದೆ. ಕ್ಲಬ್ಬಿನ ವಾಟ್ಸಾಪಿಗೆ ಕಳಿಸಿ ಊಟಕ್ಕೆ ಎದ್ದೆ.

ಎರಡು ದಿನ ಬಿಟ್ಟು ಕ್ಲಬ್ಬಿನಲ್ಲಿ ಸುದ್ದಿ ಹಬ್ಬಿತು. ಮಹದೇವಪ್ಪ ಬಾವುಟ ಬೀಸಲೇ ಇಲ್ಲವಂತೆ. ಬೀಸಿದ್ದರೆ ತಾನು ನಿಧಾನ ಮಾಡುತ್ತಿದ್ದೆ ಎಂದು ಚೇತನ್ ಹೇಳಿದನಂತೆ. ಸಾಕ್ಷಿಗೆ ನನ್ನ ಫೋಟೋ! ಚೇತನ್ ತಿರುವು ದಾಟುತ್ತಿದ್ದಾನೆ, ಹಿಂದೆ ಹಸಿರು ಬಿಟ್ಟರೆ ಏನೂ ಇಲ್ಲ. "ಬೇಕಾದ್ರೆ ನೋಡ್ಕೊಳ್ಳಿ, ಫೋಟೋ ಸುಳ್ಳು ಹೇಳುತ್ತಾ?" ಎಂದು ಅಧ್ಯಕ್ಷರು ಎಲ್ಲರಿಗೂ ಕಳಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮೂಲ ಫೋಟೋ ತೆರೆದೆ. ಹಳದಿ ಮಸುಕು ಹಾಗೇ ಇತ್ತು. ಶಟರ್ ಮೂವತ್ತಕ್ಕಿಟ್ಟು ಕ್ಯಾಮೆರಾ ತಿರುಗಿಸಿದರೆ ಹಿಂದೆ ನಿಂತ ಮರವೂ ಗೆರೆಯಾಗುತ್ತದೆ, ಮನುಷ್ಯನೂ ಗೆರೆಯಾಗುತ್ತಾನೆ. ಬೀಸುತ್ತಿರುವ ಬಟ್ಟೆ ಇನ್ನೇನಾದೀತು? ಮುಪ್ಪಿನವರೆಗೆ ಇದೇ ಕೆಲಸ ಮಾಡಿದ ನನಗೆ ಅದು ಬಾವುಟ ಎಂದು ಹೊಳೆಯಲಿಲ್ಲ, ಹೊಲಸು ಎಂದು ಕಂಡಿತು.

ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಮೂರು ದಿನ ಬಾಯಿ ಮುಚ್ಚಿಕೊಂಡು ಕೂತೆ. ತಿದ್ದುವವರನ್ನೆಲ್ಲ ಬೈದು ತಿರುಗಿದವನು ನಾನು, ಯಾವ ಮುಖ ಹೊತ್ತು ಹೋಗಲಿ? ತಾನಾಗಿಯೇ ತಣ್ಣಗಾಗುತ್ತದೆ ಎಂದು ಸುಮ್ಮನಿದ್ದೆ. ಅಧ್ಯಕ್ಷರ ಮೇಲೆ ನನಗಿರುವ ಸಿಟ್ಟನ್ನೆಲ್ಲ ಒಂದು ತಕ್ಕಡಿಗೆ ಹಾಕಿ, ಆ ಮೂರು ದಿನದ ಮೇಲಿನ ಸಿಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಯಾವುದು ಕೆಳಗಿಳಿಯುತ್ತದೋ ನಾನು ಹೇಳಲಾರೆ.

ನಾಲ್ಕನೆಯ ದಿನ ಬೆಳಿಗ್ಗೆ ಮಹದೇವಪ್ಪನೇ ಸ್ಟುಡಿಯೋಕ್ಕೆ ಬಂದ. ಕೂರು ಎಂದರೂ ಕೂರಲಿಲ್ಲ.

"ನಿಮ್ ಫೋಟೋದಲ್ಲಿ ನಾನ್ ಇಲ್ವಂತಲ್ಲ ಸಾ?"

ನಾನು ಮೇಜಿನ ಮೇಲಿದ್ದ ಲೆನ್ಸಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ.

"ಪುಟ್ಟಮಾದಪ್ಪನ ಮನೇಗ್ ಓಗಿದ್ದೆ, ಶಿವೂನ ನೋಡಕೆ. ಬಾಗ್ಲಲ್ಲೇ ನಿಲ್ಸಿದ್ರು ಸಾ. ಅವ್ನೂ ನಾನೂ ಒಂದೇ ಮಠದಲ್ಲಿ ಓದ್ದೋರು. ಅವ್ನ ಮಗಿನ್ ಕಾಲು ನಾನ್ ಮುರಿಸ್ತೀನಾ?" ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಬೀಸ್ದೆ ಅಂತ್ಲೇ ನಂಗೆ ಗ್ಯಾಪ್ಕ. ಆದ್ರೆ ಎಲ್ಲಾರೂ ಫೋಟೋ ತೋರುಸ್ತಾರೆ. ಈಗೀಗ ನಂಗೇ ಅನ್ಮಾನ ಬತ್ತಾ ಅದೆ ಸಾ. ಬೀಸ್ದ್ನಾ, ಬೀಸ್ಬೇಕು ಅನ್ಕಂಡು ನಿಂತಿದ್ನಾ?"

ತಾನು ಮಾಡಿದ ಕೆಲಸವನ್ನೇ ನಂಬದ ಹಾಗೆ ಒಬ್ಬ ಮನುಷ್ಯನನ್ನು ಮಾಡಿದ್ದೆ ನಾನು. ಎದ್ದು ಕಂಪ್ಯೂಟರ್ ಹಾಕಿ ಮೂಲ ಫೋಟೋ ತೋರಿಸಿದೆ. "ಇದು ನಿನ್ನ ಬಾವುಟ. ಒರೆಸಿದವನು ನಾನು" ಎಂದೆ. ಅವನು ಆ ಹಳದಿಯನ್ನು ಬಹಳ ಹೊತ್ತು ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅದೇ ವಾರ ಕ್ಲಬ್ಬಿನವರು ನಂಜನಗೂಡಿನಲ್ಲಿ ಸಭೆ ಕರೆದರು. ಅಧ್ಯಕ್ಷರು, ಸಮಿತಿಯವರು ಇಬ್ಬರು, ಚೇತನ್, ಪುಟ್ಟಮಾದಪ್ಪ, ಮಹದೇವಪ್ಪ, ಸಿದ್ದರಾಜು ಮೇಸ್ತ್ರಿ. ನಾನು ಎದ್ದು ನಿಂತು, ಒರೆಸಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿ ಎರಡೂ ಫೋಟೋ ಇಟ್ಟೆ. ಅಧ್ಯಕ್ಷರು ನಕ್ಕರು.

"ಶಿವಲಿಂಗಪ್ಪನವರೇ, ಒರೆಸೋಕೆ ಬರೋರಿಗೆ ಬರೆಯೋಕೂ ಬರುತ್ತೆ. ಈ ಹಳದೀನ ನೀವೇ ಹಾಕಿಲ್ಲ ಅಂತ ಏನು ಗ್ಯಾರಂಟಿ? ಹಾಕಿಲ್ಲ ಅಂತ್ಲೇ ಇಟ್ಕೊಳ್ಳಿ, ಅದು ಜಾಹೀರಾತಿನ ಬ್ಯಾನರ್ ಯಾಕಾಗಿರಬಾರದು?"

ಮೊದಲ ಮಾತು ನನಗೆ ತಕ್ಕದ್ದೇ, ನುಂಗಿಕೊಂಡೆ. ಎರಡನೆಯದಕ್ಕೆ ರಕ್ತ ಕುದಿಯಿತು. "ಬ್ಯಾನರಾದರೆ ನೆಟ್ಟಗಿನ ಪಟ್ಟಿ ಬರುತ್ತದೆ, ಬೀಸಿದ ಬಟ್ಟೆ ಮೇಲೆ ಕೆಳಗೆ ಹರಡುತ್ತದೆ. ಬನ್ನಿ ಹೊಲಕ್ಕೆ, ಅದೇ ಜಾಗದಲ್ಲಿ, ಅದೇ ನಾಲ್ಕು ಗಂಟೆಗೆ, ಅದೇ ಕ್ಯಾಮೆರಾದಲ್ಲಿ ತೆಗೆದು ತೋರಿಸುತ್ತೇನೆ!" ಎಂದು ಕೂಗಿದೆ.

"ಅದೆಲ್ಲ ಆಗೋ ಮಾತಾ?" ಎಂದರು ಅಧ್ಯಕ್ಷರು.

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಪುಟ್ಟಮಾದಪ್ಪ ಬಾಯಿ ಬಿಟ್ಟ. "ಯಾಕಾಗಲ್ಲ ಸಾ? ಕಾಲ್ ಮುರ್ಕಂಡ್ ಮನಗಿರೋನು ನನ್ ಮಗ. ನಾನ್ ನೋಡ್ಬೇಕು."

"ಗಾಡಿ ನಾನ್ ಓಡಿಸ್ತೀನಿ" ಎಂದ ಮೇಸ್ತ್ರಿ.

ಮಾರನೆಯ ದಿನ ಎಲ್ಲರೂ ಹೊಲದಲ್ಲಿ ಸೇರಿದೆವು. ಚೇತನ್ ಬರಲಿಲ್ಲ. ನಾನು ನಿಂತಿದ್ದ ಜಾಗದಲ್ಲೇ ನಿಂತೆ. ಶಟರ್ ಮೂವತ್ತು, ಕಿಂಡಿ ಇಪ್ಪತ್ತೆರಡು. ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು, ಆದರೂ ಹೆಲ್ಮೆಟ್ ಬಿಗಿದು ಹುಡುಗನ ಹಾಗೆ ಬಂದ. ಮೊದಲನೆಯ ಸಲ ಬಾವುಟವಿಲ್ಲದೆ. ಬರೀ ಹಸಿರು ಗೆರೆ. ಎರಡನೆಯ ಸಲ ಮಹದೇವಪ್ಪನ ಜಾಗದಲ್ಲಿ ಹಳದಿ ಬಟ್ಟೆಯನ್ನು ಎರಡು ಗೂಟಕ್ಕೆ ಬಿಗಿದು ಕಟ್ಟಿಸಿದೆ, ಬ್ಯಾನರಿನ ಹಾಗೆ. ಅಂಚು ನೇರವಾದ ಒಂದು ಹಳದಿ ಪಟ್ಟಿ ಬಂತು.

"ಈಗ ನೀನು ಬೀಸಪ್ಪ" ಎಂದು ಮಹದೇವಪ್ಪನಿಗೆ ಕೂಗಿದೆ. ಒಂದು ಸಲ ತಪ್ಪಿತು, ಬೈಕೇ ಮಸುಕಾಯಿತು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಎರಡನೆಯ ಸಲವೂ ತಪ್ಪಿತು. ಮೇಸ್ತ್ರಿ ಬೈಕು ನಿಲ್ಲಿಸಿ, "ನಿಧಾನ ಸಾ, ಪೆಟ್ರೋಲ್ ಬೇಕಾದಷ್ಟದೆ" ಎಂದ. ಪಾದ ಸರಿಯಾಗಿ ಊರಿ, ಉಸಿರು ಬಿಟ್ಟು, ಮೂರನೆಯ ಸಲ ಒತ್ತಿದೆ.

ಕ್ಯಾಮೆರಾದ ಹಿಂದಿನ ಪರದೆಯಲ್ಲಿ, ಹಸಿರಿನ ಮಧ್ಯೆ, ಮೇಲೆ ಕೆಳಗೆ ಹರಡಿದ ಅದೇ ಕೊಳಕು ಹಳದಿ. ಮೂಲ ಫೋಟೋವನ್ನು ಪಕ್ಕದಲ್ಲಿ ಹಿಡಿದೆ. ಅಕ್ಕಪಕ್ಕ ಇಟ್ಟ ಮೇಲೆ ಮಾತಿಗೆ ಜಾಗವೇ ಉಳಿಯಲಿಲ್ಲ. ಚೇತನ್ ತಿರುವು ದಾಟುವಾಗ ಬಾವುಟ ಆಗಲೇ ಬೀಸುತ್ತಿತ್ತು. ಅವನು ನೋಡಿದ್ದಾನೆ, ನಿಧಾನ ಮಾಡಿಲ್ಲ.

ಅಧ್ಯಕ್ಷರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. "ಆಯ್ತು ಬಿಡಿ. ರೇಸ್ ಅಂದ್ಮೇಲೆ ಇವೆಲ್ಲ ಇದ್ದದ್ದೇ. ಆದದ್ದು ಆಗಿಹೋಯ್ತು, ಇನ್ನು ಬೆಳೆಸೋದು ಬೇಡ."

ಆಗಿಹೋಯಿತಂತೆ! ಒಂದು ವಾರ ಊರೆಲ್ಲ ಫೋಟೋ ಹಂಚಿದಾಗ ಬೆಳೆಸಿದ್ದು ಯಾರು? ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಇಲ್ಲಿ ಬರೆಯುವ ಹಾಗಿಲ್ಲ. ಮಹದೇವಪ್ಪನಲ್ಲಿ ತಪ್ಪಾಯಿತು ಎಂದು ಒಂದು ಮಾತು ಕೇಳಿ ಎಂದೆ. ಅವರು ಕಾರಿನ ಬಾಗಿಲು ತೆಗೆಯುತ್ತಿದ್ದರು. ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಪುಟ್ಟಮಾದಪ್ಪ ಮಾತ್ರ ಕ್ಯಾಮೆರಾವನ್ನು ನನ್ನ ಕೈಯಿಂದ ಇಸಿದುಕೊಂಡು, ಕಣ್ಣ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದ. ಆಮೇಲೆ ಟ್ರ್ಯಾಕ್ ದಾಟಿ ಹೋಗಿ ಮಹದೇವಪ್ಪನ ಎದುರು ನಿಂತ.

"ಬಾಗ್ಲಲ್ಲಿ ನಿಲ್ಸ್ಬಾರ್ದಾಗಿತ್ತು ಕಣ್ಲಾ" ಎಂದ ಪುಟ್ಟಮಾದಪ್ಪ. "ನಡಿ ಮನೇಗ್ ಓಗವ. ಶಿವು ಕೇಳ್ತಾವ್ನೆ."

ಮಹದೇವಪ್ಪ ಬಾವುಟವನ್ನು ಕೋಲಿಗೆ ಸುತ್ತಿದ. ಕಾರಿನ ಹತ್ತಿರ ಹೋಗಿ, ಕಿಟಕಿಯಿಂದ ಅಧ್ಯಕ್ಷರ ತೊಡೆಯ ಮೇಲೆ ಇಟ್ಟ. "ಮುಂದಿನ್ ರೇಸ್ಗೆ ನೀವೇ ನಿಂತ್ಕಳಿ ಸಾ" ಎಂದ. ಮತ್ತೆ ಅವನು ಯಾವ ಮೈದಾನಕ್ಕೂ ಬರಲಿಲ್ಲ. ಅಂಥ ಮಾರ್ಷಲ್ ಈ ಕಡೆ ಮತ್ತೆ ಸಿಕ್ಕಿಲ್ಲ.

ಅವತ್ತು ನಾನು ಸಾಮಾನು ಕಟ್ಟುತ್ತಿದ್ದಾಗ ಮಹದೇವಪ್ಪ ನನ್ನ ಹತ್ತಿರ ಬಂದ. ಕ್ಷಮೆ ಕೇಳಬೇಕೆಂದು ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವನೇ ಒಂದು ಪ್ರಶ್ನೆ ಹಾಕಿದ. ವ್ಯಂಗ್ಯವಿರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ.

"ಅಷ್ಟೊಂದು ಅಸಯ್ಯವಾಗಿ ಕಾಣ್ತಿತ್ತಾ ಸಾ, ನನ್ ಬಾವುಟ?"

ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಹೌದು ಮಹದೇವಪ್ಪ, ಅವತ್ತು ಹಾಗೇ ಕಾಣಿಸ್ತು" ಎಂದೆ.

ಅವನು ತಲೆಯಾಡಿಸಿದ. ಪುಟ್ಟಮಾದಪ್ಪನ ಬೈಕಿನ ಹಿಂದೆ ಹತ್ತಿ ಕೂತ ಮೇಲೆ ತಿರುಗಿ ನೋಡಿ ಹೇಳಿದ.

"ಅಂಗ್ ಕಂಡ್ರೂ ಒರುಸ್ಬ್ಯಾಡಿ ಸಾ ಮುಂದುಕ್ಕೆ, ಇರ್ಲಿ ಬುಡಿ. ಅಲ್ಲಿ ನಿಂತಿರೋರು ನಾವ್ ತಾನೆ."